ಬ್ರಾಕೆಟ್ಟಿನ ಜಗಳ

ಪೊಜ್ನಾನ್ ವಿಶ್ವವಿದ್ಯಾಲಯದಲ್ಲಿ ಲುದೊಮಿರ್ ಮೇಷ್ಟ್ರು ಜೀವಮಾನವಿಡೀ ಮಾಡಿದ್ದು ಒಂದೇ ಕೆಲಸ, ವಾಕ್ಯಗಳನ್ನು ಬೀಜಗಣಿತಕ್ಕೆ ಇಳಿಸುವುದು. ಅವರ ಲೆಕ್ಕದಲ್ಲಿ ಕ್ರಿಯಾಪದವೆಂದರೆ ಅಕ್ಕಪಕ್ಕ ಖಾಲಿ ಕುರ್ಚಿ ಹಾಕಿಕೊಂಡು ಕಾಯುವ ಪದ. ನಾಮಪದಗಳು ಬಂದು ಕೂತರೆ ಕುರ್ಚಿಯೂ ಕೂತವರೂ ಪರಸ್ಪರ ಹೊಡೆದುಹೋಗಿ ಕೊನೆಗೆ ಒಂದೇ ಚಿಹ್ನೆ ಉಳಿಯಬೇಕು. ಉಳಿದರೆ ವಾಕ್ಯ, ಇಲ್ಲದಿದ್ದರೆ ಬರೀ ಸದ್ದು. ಜಗತ್ತಿನಲ್ಲಿ ಇದು ಸರಿಯಾಗಿ ಅರ್ಥವಾದವರು ಇಬ್ಬರೇ ಎಂದು ಅವರು ನಂಬಿದ್ದರು. ಎರಡನೆಯವರು ಮೇಲಿನ ಮನೆಯ ತೆಯೊದೊರ್.

ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಕಾರಣ ಆಸ್ತಿಯಲ್ಲ, ಬ್ರಾಕೆಟ್ಟು, ಯಾವ ಪದ ಯಾವುದರ ಜೊತೆ ಮೊದಲು ಸೇರಬೇಕೆಂದು ತೋರಿಸುವ ಆವರಣ ಚಿಹ್ನೆ. ಸಂಖ್ಯೆಗಳನ್ನು ಕೂಡುವಾಗ ಯಾವ ಎರಡನ್ನು ಮೊದಲು ಕೂಡಿದರೂ ಮೊತ್ತ ಒಂದೇ. ಪದಗಳೂ ಹಾಗೇ, ಬ್ರಾಕೆಟ್ ಬೇಡ ಎಂದು ತೆಯೊದೊರ್ ವಾದ. 'ವಯಸ್ಸಾದ ಗಂಡಸರು ಮತ್ತು ಹೆಂಗಸರು' ಎಂದರೆ ಹೆಂಗಸರಿಗೂ ವಯಸ್ಸಾಗಿದೆಯೋ ಇಲ್ಲವೋ, ಬ್ರಾಕೆಟ್ಟಿಲ್ಲದೆ ತಿಳಿಯುವುದು ಹೇಗೆ ಎಂದು ಲುದೊಮಿರ್. ತುಂಬಿದ ಗೋಷ್ಠಿಯಲ್ಲಿ ಅವರು ಗೆಳೆಯನನ್ನು "ಹವ್ಯಾಸಿ" ಎಂದುಬಿಟ್ಟರು. ಅಲ್ಲಿಗೆ ಮುಗಿಯಿತು.

ಮಾತಿಲ್ಲದೆ ಎಷ್ಟೋ ವರ್ಷ ಕಳೆದ ಮೇಲೆ ತೆಯೊದೊರ್ ಹೆಂಡತಿ ತೀರಿಕೊಂಡರು. ಲುದೊಮಿರ್ ಸ್ಮಶಾನದಲ್ಲಿ ಹಿಂದಿನ ಸಾಲಿನಲ್ಲಿ ನಿಂತು, ಟೋಪಿ ಹಿಸುಕಿಕೊಂಡು ವಾಪಸು ಬಂದಿದ್ದರು.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಲುದೊಮಿರ್ ಹೆಂಡತಿ ಗೆನೊವೆಫಾ ಅಲ್ಲಿನ ವಾಡಿಕೆಯಂತೆ ಮೇಜುಬಟ್ಟೆಯಡಿ ಒಣಹುಲ್ಲು ಹರಡಿ, ಕರೆಯದೆ ಬರುವ ಅತಿಥಿಗೆಂದು ಎಲ್ಲರ ಮನೆಯಂತೆ ಒಂದು ತಟ್ಟೆ ಹೆಚ್ಚಿಗೆ ಇಟ್ಟರು. ಮೇಲೆ ಒಂಟಿ ಹೆಜ್ಜೆಗಳು ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ಓಡಾಡುತ್ತಿದ್ದವು.

"ಗೊತ್ತಿಲ್ದೋರಿಗೆ ತಟ್ಟೆ ಇಡ್ತೀವಿ," ಎಂದರು ಗೆನೊವೆಫಾ, ಸೂರು ನೋಡುತ್ತ. "ಗೊತ್ತಿರೋನು ಒಬ್ನೇ ಕೂತು ಡಬ್ಬಿ ಮೀನು ತಿಂತಾನೆ."

"ಬರ್ಲಿ. ಬೇಡ ಅಂದೋರ್ಯಾರು?"

"ಬಾ ಅಂದೋರ್ಯಾರು? ನಿನ್ನ ಬ್ರಾಕೆಟ್ಟಾ?"

ಲುದೊಮಿರ್ ತಟ್ಟೆಯನ್ನೇ ನೋಡಿದರು. ಜೀವಮಾನವಿಡೀ ಬೋರ್ಡಿನ ಮೇಲೆ ಬರೆದ ಖಾಲಿ ಜಾಗ ಈಗ ಚಮಚದ ಸಮೇತ ಎದುರಿಗಿತ್ತು. ಎದ್ದು, ಒಂದು ಮಹಡಿ ಹತ್ತಲು ಕೋಟು, ಟೈ ಎಲ್ಲ ಹಾಕಿಕೊಂಡು ಹೊರಟರು.

ಬಾಗಿಲು ತೆರೆದ ತೆಯೊದೊರ್ ಕೂಡ ಟೈ ಕಟ್ಟಿಕೊಂಡಿದ್ದರು.

ಲುದೊಮಿರ್ ಹಬ್ಬದ ತೆಳುರೊಟ್ಟಿ ಮುಂದೆ ಹಿಡಿದರು. ಒಬ್ಬರ ಕೈಯದನ್ನು ಇನ್ನೊಬ್ಬರು ಮುರಿದುಕೊಂಡು ಹಾರೈಕೆಯ ಮಾತು ಹೇಳಬೇಕು. ವಾಕ್ಯದ ವಿದ್ವಾಂಸರಿಗೆ ಒಂದು ವಾಕ್ಯವೂ ಹುಟ್ಟಲಿಲ್ಲ.

"ತೆಯೊ... ಬ್ರಾಕೆಟ್ ಬೇಡ ಕಣೋ. ನೀನು ಹೇಳಿದ್ದೇ ಸರಿ."

ತೆಯೊದೊರ್ ಚೂರು ಮುರಿದುಕೊಂಡು ಕಣ್ಣೊರೆಸಿಕೊಂಡರು. "ಇಲ್ಲ ಕಣೋ. ಅವಳು ಹೋದ್ಮೇಲೆ ಯೋಚ್ನೆ ಮಾಡ್ದೆ. ಬೇಕು. ಯಾರು ಯಾರ ಜೊತೆ ಮೊದ್ಲು ಸೇರಿದ್ರು ಅನ್ನೋದು ಲೆಕ್ಕಕ್ಕೆ ಬರುತ್ತೆ."

"ಬೇಡ ಅಂದ್ನಲ್ಲ!"

"ಬೇಕು ಅಂತಿದೀನಲ್ಲ! ಹವ್ಯಾಸಿ!"

ಮೆಟ್ಟಿಲ ಮೇಲೆ ಎರಡು ದನಿಗಳು ಇಳಿದು ಬರುವುದು ಕೆಳಗೆ ಗೆನೊವೆಫಾಗೆ ಕೇಳಿಸಿತು. ಪಕ್ಷ ಅದಲುಬದಲಾಗಿತ್ತು, ಜಗಳ ಮಾತ್ರ ಹಳೆಯದೇ. ಅವರು ಆ ಹೆಚ್ಚಿನ ತಟ್ಟೆಗೇ ಮೊದಲು ಬೀಟ್‌ರೂಟ್ ಸಾರು ಬಡಿಸಿದರು.