ನನ್ನ ಹೆಸರಿನ ಬಾಡಿಗೆ ಮನೆ

ಚೆನ್ನೈನ ತ್ರಿಪ್ಲಿಕೇನಿನಲ್ಲಿ ನಾವಿದ್ದ ಬಾಡಿಗೆ ಮನೆಯನ್ನು ಓನರ್ ಬಿಲ್ಡರ್‌ಗೆ ಮಾರಿದಾಗ ನನಗೆ ಎಪ್ಪತ್ತೊಂದು. ಯಜಮಾನರು ತೀರಿಕೊಂಡು ಆರು ವರ್ಷವಾಗಿದ್ದರೂ ಅಗ್ರಿಮೆಂಟ್ ಅವರ ಹೆಸರಿನಲ್ಲೇ ಇತ್ತು. ಅದಕ್ಕೂ ಮೊದಲು, ಮಂಗಳೂರಿನಲ್ಲಿ, ಅಪ್ಪನ ಹೆಸರು. ಅಣ್ಣಾ ನಗರದಲ್ಲಿರುವ ಮಗಳು ನನಗಾಗಿ ಒಂದು ರೂಮ್ ಖಾಲಿ ಮಾಡಿಸಿ ಕರ್ಟನ್ ಕೂಡ ಹಾಕಿಸಿಬಿಟ್ಟಿದ್ದಳು.

“ಬಂದ್ಬಿಡು ಮಾ. ಈ ವಯಸ್ಸಲ್ಲಿ ವೈ ದಿಸ್ ಅಡ್ವೆಂಚರ್?”

“ಬರ್ತೇನೆ, ಗೆಸ್ಟ್ ಆಗಿ. ನನ್ನ ಪೆನ್ಷನ್ನಿಗೆ ಆಗುವ ಒಂದು ಮನೆ ಎಲ್ಲಾದ್ರೂ ಇದ್ದೀತು ಮಾರಾಯ್ತಿ.”

ತಿಂಗಳೊಳಗೆ ಸಿಗದಿದ್ದರೆ ಅವಳ ಮನೆಗೇ ಹೋಗುವುದೆಂದು ಪ್ರಾಮಿಸ್ ಮಾಡಿದೆ. ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳು ನಾನು. ಪ್ರಾಮಿಸ್ ಎಂದರೆ ಪ್ರಾಮಿಸ್.

ಬ್ರೋಕರ್ ಜೊತೆ ಹತ್ತಾರು ಮೆಟ್ಟಿಲು ಹತ್ತಿ ಇಳಿದೆ. ಎಲ್ಲ ಕಡೆ ತಮಿಳಿನಲ್ಲಿ ಅದೇ ಪ್ರಶ್ನೆ: ಒಬ್ಬರೇನಾ? ಏನಾದರೂ ಆದರೆ? ಏನಾದರೂ ಎಂದರೆ ಸತ್ತರೆ ಎಂದರ್ಥ. ಪಾಪ, ಬಾಯಿಬಿಟ್ಟು ಹೇಳಲು ಅವರಿಗೆ ಸಂಕೋಚ. ನಾನು ಪ್ಯೂರ್ ವೆಜ್ ಎಂದಾಗ ಮಾತ್ರ ಅವರ ಮುಖ ಅರಳುತ್ತಿತ್ತು. ಆದರೆ ಹಾಗೆ ಅರಳಿದ ಮನೆಗಳ ಬಾಡಿಗೆ ಕೇಳಿದರೆ ನನ್ನ ಮುಖ ಬಾಡುತ್ತಿತ್ತು.

“ಮ್ಯಾಡಮ್, ಮೊದಲು ವೆಜ್ ಅನ್ನಿ. ವಯಸ್ಸು ಆಮೇಲೆ ಹೇಳೋಣ,” ಎಂದ ಬ್ರೋಕರ್.

ಕೊನೆಯ ವಾರ ರಾಯಪುರಂನಲ್ಲಿ ಒಂದು ಮನೆ ಸಿಕ್ಕಿತು. ಮೊದಲ ಮಹಡಿ, ಒಂದೇ ಬೆಡ್‌ರೂಮ್, ಅಡುಗೆಮನೆಗೆ ಸಮುದ್ರದ ಗಾಳಿ. ಬಾಡಿಗೆಯೂ ನನ್ನ ಕೈಗೆಟಕುವಷ್ಟೇ. ಓನರ್ ನನ್ನದೇ ವಯಸ್ಸಿನ ಹೆಂಗಸು, ಮೀನು ಮಾರಿ ಮಾರಿ ಎರಡು ಮಹಡಿ ಕಟ್ಟಿಸಿದವಳು. ಬ್ರೋಕರ್ ಹೇಳಿಕೊಟ್ಟಿದ್ದನಲ್ಲ, ಕೈಮುಗಿಯುತ್ತಲೇ ಹೇಳಿದೆ: “ನಾವು ಪ್ಯೂರ್ ವೆಜ್.”

ಅವಳ ಮುಖ ಬಿಗಿದುಕೊಂಡಿತು.

“ಹಾಗಾದ್ರೆ ಬೇಡಮ್ಮಾ. ಹಿಂದೆ ಇದ್ದೋರೂ ವೆಜ್ಜೇ. ಮೂಗು ಮುಚ್ಕೊಂಡೇ ಮೆಟ್ಟಿಲು ಹತ್ತೋರು. ನನ್ನ ಟೆರೇಸಲ್ಲಿ ನಾನು ಮೀನು ಒಣಗಿಸೋಕೆ ಅವರ ಪರ್ಮಿಷನ್ ಬೇಕಂತೆ!”

ಬ್ರೋಕರ್ ಚಪ್ಪಲಿ ಹಾಕಿಕೊಂಡ. ನನಗೆ ಮಗಳ ಮನೆಯ ಕರ್ಟನ್ ಕಣ್ಣಮುಂದೆ ಬಂತು.

“ಟೆರೇಸ್ ಒಂದ್ಸಲ ತೋರಿಸಿ,” ಎಂದೆ.

ಮೇಲೆ ಚಾಪೆಗಳ ಮೇಲೆ ಸಣ್ಣ ಮೀನು ಹರಡಿತ್ತು. ಅದಕ್ಕೆ ಹೊದಿಸಿದ್ದ ಹಳೆಯ ಬಲೆಯ ಒಂದು ಮೂಲೆ ಗಾಳಿಗೆ ಎದ್ದು, ಅದರಡಿ ಕಾಗೆಯೊಂದು ತಲೆ ತೂರಿಸಿತ್ತು. ನನ್ನ ಕಾಲು ನನ್ನನ್ನು ಕೇಳಲಿಲ್ಲ. ಕಾಗೆ ಓಡಿಸಿ, ಬಲೆ ಎಳೆದು, ಮೂಲೆಗೆ ಕಲ್ಲಿಟ್ಟೆ. ಸ್ಕೂಲು ಬಿಟ್ಟು ಬರುವಾಗ ಕ್ಲಾಸ್‌ಮೇಟ್ ಒಬ್ಬಳ ಅಂಗಳದಲ್ಲಿ ಇದೇ ಕೆಲಸ ಎಷ್ಟು ಸಂಜೆ ಮಾಡಿದ್ದೇನೋ. ಯೂನಿಫಾರ್ಮಿನ ವಾಸನೆಗೆ ಅಮ್ಮ ಬಾವಿಕಟ್ಟೆಯಲ್ಲೇ ನಿಲ್ಲಿಸಿ ತಲೆಗೆ ನೀರು ಸುರಿಯುತ್ತಿದ್ದಳು. ಆ ಗೆಳತಿ ಈಗ ಎಲ್ಲಿದ್ದಾಳೋ.

“ಕೈ ನಾರುತ್ತಮ್ಮಾ,” ಎಂದಳು ಓನರ್.

“ಸೋಪ್ ಇದೆಯಲ್ಲ. ನಾನು ತಿನ್ನುವುದಿಲ್ಲ, ಅಷ್ಟೇ. ಸಮುದ್ರದ ಊರಿನವಳು ನಾನು.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಮಧ್ಯಾಹ್ನ ನಾನು ಮಲಗ್ತೀನಿ. ಆಗ ಕಾಗೆ ನೋಡ್ಕೊಳ್ತೀಯಾ?”

“ಶ್ಯೂರ್.”

“ಏನಾದರೂ ಆದರೆ?” ಎಂದು ಕೇಳದ ಓನರ್ ಅವಳೊಬ್ಬಳೇ.

ಅಗ್ರಿಮೆಂಟಿಗೆ ಸಹಿ ಹಾಕುವಾಗ, ಸಿಸ್ಟರ್‌ಗಳು ಫೂಟ್‌ರೂಲರಿನಿಂದ ಬೆರಳಿಗೆ ಕೊಟ್ಟು ಕಲಿಸಿದ ಕರ್ಸಿವ್‌ನಲ್ಲಿ ನನ್ನ ಪೂರ್ತಿ ಹೆಸರು ಬರೆದೆ. ಯಾರ ಮಗಳು, ಯಾರ ಹೆಂಡತಿ ಎಂಬುದು ಕೆಳಗಿನ ಸಾಲಿಗೆ ಹೋಯಿತು.

ಹಾಲುಕ್ಕಿಸುವ ದಿನ ಮಗಳು ಬಂದಳು. ಮೆಟ್ಟಿಲಲ್ಲೇ ಕರ್ಚೀಫ್ ಮೂಗಿಗೆ ಹೋಯಿತು. “ಅಯ್ಯೋ, ಸ್ಮೆಲ್ ಮಾ!”

“ಕರ್ಚೀಫ್ ಒಳಗಿಡು. ಓನರ್ ನೋಡಿದ್ರೆ ನನ್ನನ್ನು ಖಾಲಿ ಮಾಡಿಸ್ತಾರೆ.”

ಹಾಲು ಕುಡಿದು, ಮನೆಯೆಲ್ಲ ಸುತ್ತಿ, ಅಡುಗೆಮನೆಯ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಹೊರಡುವಾಗ ಕೈ ಚಾಚಿದಳು: “ಸ್ಪೇರ್ ಕೀ ಕೊಡು ಮಾ.”

“ಬೆಲ್ ಒತ್ತು,” ಎಂದೆ. “ನಾನೇ ಬಂದು ತೆಗೀತೇನೆ.”