ಮೂರು ಪಾಲಿನ ಬಂದೂಕು

ಹೊಳಗುಂದದ ಹತ್ತಿರದ ಹಳ್ಳಿಯೊಂದರಲ್ಲಿ ಆದವಾನಿಯ ಬಸ್ಸಿಗೆ ಕಾಯುತ್ತಾ, ನೆರಳಿಗೆಂದು ರಸ್ತೆ ಬದಿಯ ಮನೆಯ ಕಟ್ಟೆಯ ಮೇಲೆ ಕುಳಿತೆ. ಪಡಸಾಲೆಯಲ್ಲಿ ನಡುವಯಸ್ಸಿನ ಅಣ್ಣತಮ್ಮಂದಿರಿಬ್ಬರು ಬಂದೂಕು ಜೋಡಿಸುತ್ತಿದ್ದರು. ನಳಿಗೆ ಅಣ್ಣನ ಮನೆಯಿಂದ ಬಂದಿತ್ತು, ಮರದ ಹಿಡಿ ತಮ್ಮನ ಮನೆಯಿಂದ. ಪೊಲೀಸರಿಗೆ ಒಪ್ಪಿಸುವ ಮುನ್ನ ಎಲ್ಲ ಸರಿಯಿದೆಯೇ ಎಂದು ನೋಡುತ್ತಿದ್ದರು.

ಒಂದು ಬಂದೂಕನ್ನು ಎರಡು ಮನೆಯಲ್ಲಿ ಇಟ್ಟದ್ದೇಕೆ ಎಂದು ಕೇಳಿದೆ.

“ಎರಡಲ್ರಿ, ಮೂರು,” ಎಂದ ಅಣ್ಣ. “ಹೊಲದ ಜಗಳದಾಗ ಒಬ್ರಿಗೊಬ್ರು ಹೊಡಕೊಂಡಾರು ಅಂತ ನಮ್ಮಪ್ಪ ಸಾಯೋ ಮುಂದ ಪಾಲು ಮಾಡ್ಯಾನ್ರಿ. ನನಗ ನಳಿಗಿ, ಇವಗ ಹಿಡಿ. ಗುಂಡಿನ ತೋಟಾ ನಮ್ಮ ಸಣ್ಣ ತಮ್ಮನ ಪೆಟ್ಟಿಗ್ಯಾಗ. ಇದು ಅವನ ಮನಿನ ಐತಿ.”

“ಅವರೆಲ್ಲಿ?”

ಅಣ್ಣನ ಕೈ ನಿಂತಿತು. “ಹೋದ ತಿಂಗಳ ಹಿತ್ತಲ ಹಿಂದಿನ ಶೇಂಗಾ ಹೊಲದಾಗ ಅವನ ಮ್ಯಾಲೆ ಕಾಡಹಂದಿ ಬಿತ್ರಿ. ಅವನ ಕೂಗು ಕೇಳಿ ನಾವಿಬ್ರೂ ಓಡಿ ಬಂದು ಇಲ್ಲೇ ಕುಂತು ಜೋಡಿಸಿದ್ವಿ. ಪೆಟ್ಟಿಗಿಗೆ ಕೀಲಿ ಹಾಕಿತ್ತು. ಕೀಲಿಕೈ ಅವನ ಉಡದಾರದಾಗ ಇತ್ತು.”

ಯಾಕಾದರೂ ಕೇಳಿದೆನೋ ಅನಿಸಿತು.

ಪೊಲೀಸ್ ಸ್ಟೇಷನ್ನಿಗೆ ಹೋಗಲು ಅವರು ಹೇಳಿದ್ದ ಆಟೋ ಬಂತು. ಅಣ್ಣ ಜೋಡಿಸಿದ್ದ ಬಂದೂಕನ್ನು ಮತ್ತೆ ಬಿಚ್ಚಿ, ಹಿಡಿಯನ್ನು ತಮ್ಮನಿಗೆ ಕೊಟ್ಟು, ನಳಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡ. ನನ್ನ ಮುಖ ನೋಡಿ, “ಸ್ಟೇಷನ್ ಮುಟ್ಟೋತನಕ ಅಪ್ಪನ ಮಾತು ಐತಲ್ರಿ,” ಎಂದ.

ಸತ್ತ ತಮ್ಮನ ಹೆಂಡತಿ ಒಳಗಿನಿಂದ ತೋಟಾದ ಡಬ್ಬಿ ತಂದು ಹೊಸ್ತಿಲ ಮೇಲಿಟ್ಟಳು. ಅದನ್ನು ಇಬ್ಬರೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ನೋಡಿ, ಆಕೆಯೇ ಅದನ್ನು ಎತ್ತಿಕೊಂಡು ಆಟೋ ಹತ್ತಿದಳು.