ಮಂಗಳವಾರದ ಫೋನು

ಮಂಗಳವಾರ ಸಂಜೆ ಫೋನು ಬರುವ ಹೊತ್ತಿಗೆ ನಾನು ಮಿಕ್ಸರ್ ಬಂದ್ ಮಾಡಿಸುತ್ತೇನೆ. ಸಿಮೆಂಟು ಕಾಯಲಿ. ಲಿಂಗಸುಗೂರಿನ ಹಾಸ್ಟೆಲ್ಲಿನಿಂದ ಮಗಳು ಮಾತಾಡುತ್ತಾಳೆ.

ನಾನು ಗೋಡೆ ಕಟ್ಟುವ ಗೌಂಡಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಕರಣಿ ಹಿಡಿದವನು. ಮಗಳ ಇಂಟರ್‌ನ್ಯಾಷನಲ್ ಶಾಲೆ ಮೂರು ಊರಲ್ಲಿದೆ. ಸಿಂಧನೂರಿನ ಕಟ್ಟಡದ ಪ್ಲಾಸ್ಟರ್ ನನ್ನದೇ. ಏಳನೆಯವರೆಗೆ ಅವಳು ಓದಿದ್ದು ಆ ಗೋಡೆಗಳ ನಡುವೆ. ಹೈಸ್ಕೂಲಿಗೆ ಲಿಂಗಸುಗೂರು. ನಾನೀಗ ಮಸ್ಕಿಯಲ್ಲಿ ಅದೇ ಶಾಲೆಯ ಹೊಸ ಕೋಣೆ ಕಟ್ಟುತ್ತಿದ್ದೇನೆ. ಸಿಂಧನೂರಿನ ಮನೆಗೂ ಅವಳ ಹಾಸ್ಟೆಲ್ಲಿಗೂ ನಡುವೆ, ಅರ್ಧ ದಾರಿ. ಲಿಂಗಸುಗೂರಿನ ಬಸ್ಸು ಎದುರಿಗೇ ಹೋಗುತ್ತದೆ. ಪ್ರತಿ ಸಲವೂ ಕೈ ನಿಲ್ಲುತ್ತದೆ.

ಆ ಶಾಲೆಯಲ್ಲಿ ಒಂದೊಂದು ದಿನಕ್ಕೆ ಒಂದೊಂದು ಭಾಷೆ. ಸೋಮವಾರ, ಮಂಗಳವಾರ ಇಂಗ್ಲಿಷ್, ಆಮೇಲೆ ಹಿಂದಿ, ಶುಕ್ರವಾರದಿಂದ ಕನ್ನಡ. ಮನೆಗೆ ಫೋನು ಮಾಡಿದರೂ ಆ ದಿನದ ಭಾಷೆಯೇ, ಪಕ್ಕದಲ್ಲಿ ವಾರ್ಡನ್ ಮೇಡಂ. ಹಿಂದಿಯಾಗಿದ್ದರೆ ಹೇಗೋ ನಡೆಯುತ್ತಿತ್ತು, ನಮ್ಮ ಕೆಲಸದಲ್ಲಿ ಅರ್ಧ ಮಾತು ಉರ್ದುವೇ. ಫೋನಿನ ಪಾಳಿ ಒಬ್ಬೊಬ್ಬರಿಗೆ ವಾರಕ್ಕೊಂದು ದಿನ, ಮಗಳದು ಮಂಗಳವಾರ. ಅವಳ ಇಂಗ್ಲಿಷು ಕಾಲುವೆ ನೀರಿನಂತೆ ಓಡುತ್ತದೆ. ನಾನು ಎಸ್, ಓಕೆ ಎನ್ನುತ್ತ ದನಿಯನ್ನಷ್ಟೇ ಕೇಳುತ್ತೇನೆ. ನೆಗಡಿಯಾಗಿದೆಯೋ, ನಗುತ್ತಿದ್ದಾಳೋ, ಅಷ್ಟು ತಿಳಿಯುತ್ತದೆ.

“ಏನಂತಾಳ ಬೇಟಿ?” ಜೊತೆಗೆ ಕೆಲಸ ಮಾಡುವ ಚಾಚಾ ಕೇಳುತ್ತಾನೆ.

“ಆರಾಮ ಅದಾಳಂತ.”

“ಅಷ್ಟುದ್ದ ಮಾತಿಗೆ ಇಷ್ಟನ? ಉಳಿದದ್ದು ನೀನ ನುಂಗಿದ್ಯೇನು ಮಿಸ್ತ್ರಿ?”

ಭೇಟಿಯ ಭಾನುವಾರ ಹೋದಾಗ, ಅವಳು ಶೇಂಗಾ ಹೋಳಿಗೆ ತಿನ್ನುತ್ತಿರುವಾಗ ಕೇಳಿಯೇ ಬಿಟ್ಟೆ. “ಫೋನು ಶುಕ್ರವಾರ ಆಗಂಗಿಲ್ಲೇನು?”

“ಮಂಗಳವಾರ ನಾನ ಕೇಳಿ ತಗೊಂಡೀನಿ ಯಪ್ಪಾ. ಇಲ್ಲಿ ಬಿಟ್ಟು ಹೋಗೋ ದಿನ ನೀನ ಅಂದಿದ್ದಿ, ಫೋನಿನ್ಯಾಗ ಇಂಗ್ಲಿಷ್ ಹೊಡಿ, ನಮ್ಮ ಮಂದಿ ಕೇಳಲಿ ಅಂತ.”

ಅಂದಿದ್ದೆ. ಎದೆಯುಬ್ಬಿಸಿಯೇ ಅಂದಿದ್ದೆ. ಈಗ, ನನಗೇ ಇಂಗ್ಲಿಷ್ ತಿಳಿಯುವುದಿಲ್ಲ ಎನ್ನುವ ಬದಲು ಅವಳವ್ವನನ್ನು ಮುಂದೆ ಮಾಡಿದೆ.

“ನಿಮ್ಮವ್ವಗ ತಿಳಿಯಂಗಿಲ್ಲವ್ವ.”

“ಅವ್ವ ಸಿಂಧನೂರಾಗಿರ್ತಾಳ, ಫೋನು ನಿನ್ನ ಕೈಯಾಗಿರ್ತೈತಿ!” ಎಂದು ನಕ್ಕಳು. ನಗುತ್ತಲೇ ನನ್ನ ಮುಖ ನೋಡಿದಳು. ನಗು ಸಣ್ಣದಾಯಿತು. “ಶುಕ್ರವಾರದ ಪಾಳಿ ತುಂಬೈತಿ ಯಪ್ಪಾ. ಮುಂದಿನ ವರ್ಷಾನ ಬದಲಿ.”

ಮುಂದಿನ ವರ್ಷ. ಬಸ್ಸಿನಲ್ಲಿ ಮಸ್ಕಿ ಬರುವವರೆಗೆ ಅದನ್ನೇ ಮೆಲುಕು ಹಾಕಿದೆ.

ಮಂಗಳವಾರ ಮತ್ತೆ ಮಿಕ್ಸರ್ ನಿಂತಿತು. ಮತ್ತೆ ಇಂಗ್ಲಿಷು ಓಡಿತು. ಇನ್ನೇನು ಮುಗಿಯಿತು ಎನ್ನುವಾಗ ಅವಳ ದನಿ ಒಮ್ಮೆಲೆ ಕೆಳಗಿಳಿಯಿತು. ಮೇಡಂ ಅತ್ತ ತಿರುಗಿರಬೇಕು.

“ಯಪ್ಪಾ, ಉಂಡ್ಯಾ?”

ಹೂಂ ಎನ್ನುವುದರೊಳಗೆ ಫೋನು ಕಟ್ಟಾಯಿತು.

“ಚಾಲೂ ಮಾಡ್ಲ್ಯಾ ಮಿಸ್ತ್ರಿ?”

“ತಡಿ ಚಾಚಾ,” ಎಂದೆ. “ಇನ್ನೊಂದೀಟು ಬಂದ್ ಇರಲಿ.”